ಹಳೇ ಬ್ರೇಕು

ನಾಗಿ ಮಾವಶಿಗೆ ವಾಸ್ಕೋದಿಂದ ಮಾಬ್ಲನ ನಮಸ್ಕಾರ.

ಕಾಗದ ಬರೀಲಿಕ್ಕೆ ಕೂತ್ರೆ ಹರಿದು ಹರಿದು ಹಾಕ್ತೆ, ಅದಕ್ಕೇ ಕ್ಯಾಸೆಟ್ಟಲ್ಲಿ ಹೇಳ್ತೆ. ಸಣ್ಣ ಮಗ ಸುಮಿತನನ್ನೂ ಹತ್ರ ಕೂರಿಸ್ಕೊಂಡು ಕೇಳು.

ನಿನ್ನ ದೊಡ್ಡ ಮಗ ಕಿಶನ ಸೊಕ್ಕಿಂದ ಕಾರು ಜೋರು ಓಡಿಸಿ ಸತ್ತ ಅಂತ ಕೇಣಿಯಲ್ಲಿ ಊರವರೆಲ್ಲಾ ಹೇಳ್ತಾರಂತೆ. ಹಾಗಲ್ಲ. ಅವನ ಸಣ್ಣ ಕಾರಿಗೆ ರೇಸ್ ಕಾರಿನ ಇಂಜಿನ್ನು, ನಾಲ್ಕೂ ಚಕ್ರ ಎಳಿಯೋ ಗೇರ್‌ಬಾಕ್ಸು ಕೂರಿಸಿದ್ದು ನಾನು. ಮರಳಲ್ಲಿ ದೋಣಿ ಎಳೀಬೇಕು ಅಂದಿದ್ದ. ಎಳೀತು. ನೀನೇ ನೋಡಿ, "ಏ ಮಾಬ್ಲಾ, ಇದು ಕಾರೋ ಕೋಣವೋ?" ಅಂತ ನಕ್ಕಿದ್ದೆ.

ದೋಣಿಗೆ ದೊಡ್ಡ ಮಶೀನು ಹಾಕಿದ್ರೆ ನಾವು ದೋಣಿ ರಿಪೇರಿಯವರು ಮತ್ತೇನೂ ಬದಲು ಮಾಡೂದಿಲ್ಲ. ದೋಣಿಗೆ ಬ್ರೇಕೇ ಇಲ್ವಲ್ಲ. ಕಾರಿಗೂ ಹಾಗೇ ಮಾಡ್ದೆ, ಬ್ರೇಕು ಹಳೇದೇ ಬಿಟ್ಟೆ. ಚಕ್ರ ಒತ್ತಿ ಹಿಡಿಯೋ ಅದರ ಲೈನರ್ ಸುಟ್ಟು ಕರಿಯಾಗಿತ್ತು ಅಂತ ಅಂಕೋಲಾ ಗ್ಯಾರೇಜಿನವ ಫೋನಲ್ಲಿ ಹೇಳ್ದ. ಅಂದ್ರೆ ಸಾಯೂ ಮೊದಲು ಅಮದಳ್ಳಿ ಇಳಿಜಾರಲ್ಲಿ ಅವ ಬ್ರೇಕು ಒತ್ತಿದ್ದ, ಮಾವಶಿ. ಕಾರು ನಿಲ್ಲಲಿಲ್ಲ.

ಈಗ ಸುಮಿತ ಅದೇ ಕಾರು ರಿಪೇರಿ ಮಾಡಿಸ್ತಾನಂತೆ. ಅಣ್ಣಂದು ಅಂತ ಹಟ ಮಾಡಿದ್ರೂ ಬಿಡಬೇಡ. ಕೀಲಿ ಸಮುದ್ರಕ್ಕೆ ಎಸಿ.

ಕ್ಯಾಸೆಟ್ಟಿನ ಆಚೆ ಬದಿ ಖಾಲಿ ಬಿಟ್ಟಿದ್ದೆ. ಬೈಯೂದಿದ್ರೆ ಅದರಲ್ಲಿ ಬೈದು ಕಳ್ಸು.

ನಿನ್ನ ಕೈಯಲ್ಲಿ ಉಂಡ
ಮಾಬ್ಲ