ಮೊದಲು ನನ್ನ ತರಗತಿಗೆ ಬನ್ನಿ

ನಾಸಿಕ್ ರೋಡ್
೬ ಜುಲೈ ೨೦೨೫

ಚಿ. ಸೌ. ರಂಜನಿಗೆ ಅಕ್ಕ ಮನೋರಮಾಳ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮುನಿಯಬೇಡ. ಶಾಲೆ ಶುರುವಾಗುವ ಜೂನ್ ತಿಂಗಳು, ಇಡೀ ಶಾಲೆಯ ಹೊಣೆ ಹೊತ್ತ ಹೆಡ್‌ಬಾಯಿಗೆ ಹೇಗಿರುತ್ತದೆಂದು ನಿನಗೆ ಗೊತ್ತು. ನಿಮ್ಮ ಕಡೆಯ ಚಿಕಲಠಾಣಾದ ಶಾಲೆಯವರು ಶಿಕ್ಷಕಿಯಾಗಿ ಬಾ ಎಂದು ಕರೆದಿದ್ದಾರೆ, ಜುಲೈ ಹದಿನೈದರೊಳಗೆ ಉತ್ತರ ಕೊಡಬೇಕು ಎಂದು ಬರೆದಿದ್ದೀಯ. ಜೊತೆಗೇ, "ಮಕ್ಕಳ ಮುಂದ ನಿಂದ್ರೂದು ನನ್ನ ಹಣೆಬರಹದಾಗಿಲ್ಲಕ್ಕಾ, ಈಗಿನ ಶೇಂದ್ರಾದ ಕಂಪನಿ ಆಫೀಸೇ ಸಾಕು" ಅಂತಲೂ ಬರೆದಿದ್ದೀಯ. ಅವರಿಗೆ ಇಲ್ಲ ಎನ್ನುವ ಮೊದಲು ಇದನ್ನೊಮ್ಮೆ ಓದು.

ಈ ವರ್ಷ ನಮ್ಮಲ್ಲಿ ಶನಿವಾರ ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕೂರಬೇಕು, ಪರಸ್ಪರ ಕಲಿಯಬೇಕು ಎಂದೆ. ಶಿಕ್ಷಕರೆಲ್ಲರ ಮುಖ ಹುಳಿ ಹುಳಿ. ತಪ್ಪು ಹುಡುಕಲು ಹೊಸ ನೆವ ಎಂದು ಗೊಣಗಿದರು. ನನಗೆ ಸಿಟ್ಟು ಬಂತು. "ಹಾಗಾದರೆ ಮೊದಲು ನನ್ನ ತರಗತಿಗೆ ಬನ್ನಿ" ಎಂದುಬಿಟ್ಟೆ.

ಬಂದೇಬಿಟ್ಟರು, ಎಂಟೂ ಜನ! ಇಪ್ಪತ್ತಾರು ವರ್ಷದ ಗತ್ತಿನಲ್ಲಿ ಮೂರನೇ ತರಗತಿಗೆ ಭಾಗಾಕಾರ ಹೇಳಿಕೊಟ್ಟೆ. ಮುಗಿದ ಮೇಲೆ ಹೇಗಿತ್ತೆಂದು ಕೇಳಿದೆ. ಹೋದ ವರ್ಷ ಸೇರಿದ ಬಾಗಲಕೋಟೆಯ ಶಾಂತಕುಮಾರ ಮಾಸ್ತರರು, ಉಳಿದವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಮೆಲ್ಲಗೆ, "ಬಾಯಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ಬೆಂಚಿನ್ಯಾಗ ಉತ್ತರ ಬಂದ ಕೂಡ್ಲೆ ನೀವು ಮುಂದಿನ ಲೆಕ್ಕಕ್ಕ ಹೋಗ್ತೀರಿ. ನನ್ನ ಬಾಜೂಕ ಕೂತ ಮೂರು ಮಂದಿ ಇನ್ನೂ ಬೆರಳ ಎಣಸಾಕತ್ತಿದ್ರು" ಎಂದರು.

ನನ್ನ ಕಿವಿ ಬಿಸಿಯಾಯಿತು. ದೀಪದ ಬುಡದಲ್ಲೇ ಕತ್ತಲೆ! ಅವರು ಹೇಳಿದ್ದನ್ನು ನಾನೇ ಮರಾಠಿಯಲ್ಲಿ ಎಲ್ಲರಿಗೂ ಹೇಳಿದೆ. ಆಗ ನೋಡು, ನಿವೃತ್ತಿಗೆ ಒಂದೇ ವರ್ಷವಿರುವ ಶಾಂತಾಬಾಯಿ ಎದ್ದು ನಿಂತರು. ಇಂಗ್ಲಿಷ್ ಪಾಠವೆಂದರೆ ತನಗೆ ಮೊದಲಿನಿಂದಲೂ ಅಂಜಿಕೆ, ಮುಂದಿನ ವಾರ ಯಾರಾದರೂ ಬಂದು ಜೊತೆಗಿರಿ ಎಂದು ಕಣ್ಣೊರೆಸಿಕೊಂಡರು. ಇಬ್ಬರು ಹೋದರು. ಈಗ ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಪಾಠದ್ದೇ ಮಾತು. ನನಗೆ ಎಷ್ಟು ಖುಷಿ ಅಂತೀ!

ಅದಕ್ಕೇ ಹೇಳುತ್ತೇನೆ. ಚಿಕಲಠಾಣಾದ ಹೆಡ್‌ಬಾಯಿಯನ್ನು ನೇರ ಕೇಳು: "ಮೊದಲ ವರ್ಷ ನನ್ನ ಜೊತೆಗಿದ್ದು ನನಗೆ ಕಲಿಸುವವರು ಯಾರು?" ಒಬ್ಬರ ಹೆಸರು ಹೇಳಿದರೂ ಸಾಕು, ಸೇರಿಬಿಡು.

ಮನೆಯವರಿಗೆ, ಮಕ್ಕಳಿಗೆ ಆಶೀರ್ವಾದ. ನಿನ್ನ ಕೈಯಲ್ಲಿ ಕಲಿತ ಮಕ್ಕಳು ನೂರು ಕಾಲ ನಿನ್ನನ್ನು ನೆನೆಯಲಿ.

ಇಂತಿ ನಿನ್ನ ಅಕ್ಕ,
ಮನೋರಮಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ಶಾಲೆಯಲ್ಲಿ ನೀನು ಪಾಠ ಮಾಡುವಾಗ, ಮಕ್ಕಳೆದುರೇ ನಿನ್ನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು, "ಇದು ನಿನ್ನ ಕೈಲಿ ಆಗೂದಲ್ಲ" ಎಂದೆ. ಮರುದಿನದಿಂದ ನೀನು ಬರಲಿಲ್ಲ. ತಂಗಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ನಿನ್ನ ಹಣೆಬರಹ ಬರೆದವಳು ನಾನೇ, ರಂಜೂ. ಕ್ಷಮಿಸು.