ಅರ್ಧ ಕ್ರೇನ್

೧೬ ನವೆಂಬರ್, ಭಾನುವಾರ

ಎಂಟು ತಿಂಗಳು ಕಾದ, ಬಿಡಿಭಾಗ ಜೋಡಿಸಿ ಕಟ್ಟುವ ಆಟಿಕೆ ಕ್ರೇನ್ ಸೆಟ್ ಕೊನೆಗೂ ನಿನ್ನೆ ಸಿಕ್ಕಿತು. ಫೋರ್ಟ್ ಪೇಟೆಯ ಆ ಆಟಿಕೆ ಅಂಗಡಿಗೆ ಮೂರು ಸಲ ಹೋಗಿ ಬರಿಗೈಯಲ್ಲಿ ವಾಪಸ್ ಬಂದಿದ್ದೆ. ಪ್ರತಿ ಸಲವೂ ಅಂಗಡಿಯವನು ರೇಸ್ ಕಾರುಗಳನ್ನೇ ತೋರಿಸುತ್ತಿದ್ದ. ಐವತ್ತೆರಡು ವರ್ಷದ ಹೆಂಗಸಿಗೆ ಕ್ರೇನೇ ಯಾಕೆ ಬೇಕು ಅಂತ ಅವನಿಗೆ ಹೇಗೆ ಹೇಳಲಿ?

ನಾವು ಚಿಕ್ಕವರಿದ್ದಾಗ ಚೆಂಬೂರಿನ ಒಂದೇ ಕೋಣೆಯ ಮನೆಗೆ ಅಪ್ಪ ತಗಡಿನ ಪಟ್ಟಿಗಳ ಕ್ರೇನ್ ಸೆಟ್ ತಂದಿದ್ದರು. ನಾನೂ ತಮ್ಮ ಧನರಾಜನೂ ಮಂಚದ ಕೆಳಗೆ ಮಲಗಿಕೊಂಡು ನಟ್ಟು ಬೋಲ್ಟು ಬಿಗಿಯುತ್ತಿದ್ದೆವು. ಡಬ್ಬಿಯಲ್ಲಿ ಕೊಕ್ಕೆಯೇ ಇರಲಿಲ್ಲ. ಅಪ್ಪ ಅಮ್ಮನ ಹೇರ್‌ಪಿನ್ ಬಗ್ಗಿಸಿ ಕೊಟ್ಟರು. ಅದರಲ್ಲಿ ಅಮ್ಮನ ಬಳೆಗಳನ್ನು ಒಂದೊಂದಾಗಿ ಎತ್ತುತ್ತಿದ್ದೆವು. ಆ ಸಣ್ಣ ಕಿಣಿಕಿಣಿ ಇವತ್ತೂ ಕಿವಿಯಲ್ಲಿದೆ.

ಅಪ್ಪ ಹೋದ ಮೇಲೆ ಆ ಮನೆ ಮಾರುವ ವಿಷಯಕ್ಕೆ ಜಗಳವಾಗಿ ಧನರಾಜ ಎರಡು ವರ್ಷದಿಂದ ಮಾತು ಬಿಟ್ಟಿದ್ದ. ಇವತ್ತು ಬೆಳಿಗ್ಗೆ ಅವನಿಗೆ ಹೊಸ ಸೆಟ್ಟಿನ ಡಬ್ಬಿಯ ಫೋಟೊ ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ. ಮಧ್ಯಾಹ್ನ ಸಯನ್‌ನ ತನ್ನ ಮನೆಯಿಂದ ಬಂದೇಬಿಟ್ಟ.

"ಅಕ್ಕ, ಶುರು ಮಾಡಿದ್ಯಾ?"

"ಇಲ್ಲ ಮಾರಾಯ, ಒಳಗೆ ಬಾ."

ನೆಲದ ಮೇಲೆ ಕೂತೆವು. ಚಿಕ್ಕವನಿದ್ದಾಗಿನ ಹಾಗೆಯೇ ಜೋಡಿಸುವ ಕ್ರಮದ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಓದಿ ಹೇಳತೊಡಗಿದ. ಮನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಕ್ರೇನ್ ಅರ್ಧ ಎದ್ದಿತ್ತು.

ಚಪ್ಪಲಿ ಹಾಕಿಕೊಳ್ಳುತ್ತಾ, "ಉಳಿದದ್ದನ್ನು ನೀನೊಬ್ಬಳೇ ಮುಗಿಸಬೇಡ. ಮುಂದಿನ ಭಾನುವಾರ ಬರ್ತೇನೆ" ಅಂದ.

ಮುಗಿಸಿಬಿಡಲು ಕೈ ತವಕಿಸುತ್ತಿದೆ. ಆದರೂ ಮುಟ್ಟುವುದಿಲ್ಲ. ಇನ್ನೊಂದು ವಾರ ಇದನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕು. ಹೋಗ್ತೇನೆ.