ಹಿರಿಯನ ಹೆಂಡತಿಯನ್ನು ಕೇಳಬೇಕು

ಕೊಚ್ಕೋರ್ ಸೀಮೆಯಿಂದ
ಮಾರ್ಚ್ ೧೯, ಗುರುವಾರ

ನನ್ನ ಬಂಗಾರದ ಅಮ್ಮ,

ನಿನ್ನ ಎರಡೂ ಕೆನ್ನೆಗೆ, ಹಣೆಗೆ, ಕನ್ನಡಕದ ಗಾಜಿಗೂ ಒಂದೊಂದು ಮುತ್ತು! ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ ಎಂದು ಮುನಿಸಿಕೊಂಡೆಯಲ್ಲ, ಅದಕ್ಕೇ ಈ ಪತ್ರ. ಇಲ್ಲಿ ಗೋಡೆಗೆ ಕಿವಿ ಇರುವ ಮಾತು ಬಿಡು, ಮನೆಗೆ ಗೋಡೆಯೇ ಇಲ್ಲ. ಭಾನುವಾರದ ಸಭೆಗೆ ಜಾಗ ಸಾಲಲಿ ಎಂದು ಮಾವ ನಡುಗೋಡೆ ಒಡೆಸಿ ಪರದೆ ಕಟ್ಟಿಸಿದ್ದಾರೆ. ಈ ಕಡೆ ನಾನು ಸೀನಿದರೆ ಆ ಕಡೆಯಿಂದ ಆಶೀರ್ವಾದ ಬರುತ್ತದೆ! ಪತ್ರ ತರುವವರು ಹಾಲಿನ ವ್ಯಾನಿನ ತೊಲೊಗೊನ್ ಅಣ್ಣ. ಅವರಿಗೆ ಚಹಾ ಕೊಡು, ಆದರೆ ಬಟ್ಟಲನ್ನು ಅರ್ಧ ಮಾತ್ರ ತುಂಬು. ಬಿಶ್ಕೆಕ್‌ನ ಅಭ್ಯಾಸದಲ್ಲಿ ಪೂರ್ತಿ ತುಂಬಿಸಿದರೆ, ಇಲ್ಲಿಯವರಿಗೆ ಅದು ಕುಡಿದು ಎದ್ದು ಹೋಗು ಎಂದ ಹಾಗೆ.

ಅಮ್ಮ, ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ಮದುವೆಯಾಗಿ ಐದು ತಿಂಗಳು, ಇನ್ನೂ ಅವರು ಅಂಗಳ ದಾಟಿ ಬರುವುದನ್ನು ಕಿಟಕಿಯಲ್ಲಿ ನಿಂತು ನೋಡುತ್ತೇನೆ. ಬೆಳಿಗ್ಗೆ ನಾನು ಏಳುವ ಮೊದಲೇ ನನ್ನ ಬೂಟುಗಳನ್ನು ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಿರುತ್ತಾರೆ. ಈ ಮನೆಯಲ್ಲಿ ಸೊಸೆಯಾದವಳು ಮಾವನ ಹೆಸರು, ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಕಾಗದದಲ್ಲಿ ಬರೆದರೆ ಯಾರಿಗೆ ಕೇಳುತ್ತದೆ? ಎಲ್ದಿಯಾರ್, ಎಲ್ದಿಯಾರ್, ಎಲ್ದಿಯಾರ್! ಅತ್ತೆಗೆ ನನ್ನ ಮೇಲೆ ಪ್ರಾಣ. ಬಂದವರಿಗೆಲ್ಲ "ನಮ್ ಇಂಗ್ಲಿಷ್ ಸ್ಕೂಲಿನ ಸೊಸೆ ಹಾಲು ಕರೆದ್ಮೇಲೆ ಹಸುಗೂ ಥ್ಯಾಂಕ್ಯೂ ಹೇಳ್ತಾಳೆ ಕಣ್ರೇ" ಎಂದು ಹೇಳಿಕೊಂಡು ನಗುತ್ತಾರೆ.

ಇದೆಲ್ಲ ನಿಜ, ಅಮ್ಮ. ಆದರೆ ಹೋದ ಭಾನುವಾರದವರೆಗಿನ ನಿಜ.

ನಮ್ಮ ಕ್ರೈಸ್ತ ಸಭೆಯ ವಿಷಯ ಎಂದರೆ ನಿನಗೆ ಬೇಸರ ಎಂದು ಗೊತ್ತು. ಕಾಲೇಜಿನಲ್ಲಿ ನಾನು ದೀಕ್ಷಾಸ್ನಾನ ಮಾಡಿಸಿಕೊಂಡಾಗ ಮೂರು ವಾರ ನೀನು ಮಾತು ಬಿಟ್ಟಿದ್ದನ್ನೂ ಮರೆತಿಲ್ಲ. ಈ ಒಂದು ಸಲ ಪೂರ್ತಿ ಓದು.

ಮಾವ ಹದಿನೈದು ವರ್ಷದಿಂದ ಇಲ್ಲಿಯ ಸಭಾಹಿರಿಯರು. ಇರುವುದು ಮೂವತ್ತೆಂಟು ಜನ. ಹಬ್ಬದ ಪ್ರವಚನವಿರಲಿ, ಗಂಡಹೆಂಡಿರ ಜಗಳವಿರಲಿ, ಊರಿನವರು ನಮ್ಮವರ ಹೆಣಕ್ಕೆ ಮಣ್ಣು ಕೊಡುವುದಿಲ್ಲ ಎಂದಾಗ ಮುಲ್ಲಾನ ಮನೆಗೆ ಹೋಗಿ ಕೈಮುಗಿದು ನಿಲ್ಲುವುದಿರಲಿ, ಎಲ್ಲ ಅವರದೇ. ಈ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಏಳುವುದಿಲ್ಲ, ಮಾತು ನಿಧಾನ. ತಮ್ಮ ಜಾಗಕ್ಕೆ ಕಿರಿಯ ಮಗ, ನನ್ನವರೇ, ಬರಲಿ ಎಂದರು. ಯಾರೂ ಎದುರಾಡಲಿಲ್ಲ. ನಮ್ಮಲ್ಲಿ ಮನೆಯ ಒಲೆ ಕಿರಿಯ ಮಗನಿಗೆ ತಾನೇ? ಸಭೆ ನಡೆಯುವುದೂ ಅದೇ ಒಲೆಯ ಮುಂದೆ.

ಮಾವ ಹಿರಿಯರಾಗುವ ಮುಂಚೆಯೇ ಒಂದು ನೋಟ್‌ಬುಕ್ಕಿನಲ್ಲಿ ಸಭೆಯ ಕಟ್ಟಳೆಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಒಂದು, ಯಾರನ್ನಾದರೂ ಹಿರಿಯನನ್ನಾಗಿ ಮಾಡಿ ತಲೆಯ ಮೇಲೆ ಕೈಯಿಡುವ ಮೊದಲು ಅವನನ್ನು ಹೊರಗೆ ಕಳಿಸಿ, ಅವನ ಹೆಂಡತಿಯನ್ನು ಎಲ್ಲರೆದುರು ನಿಲ್ಲಿಸಿ ಕೇಳಬೇಕು: "ಇವನು ಇಲ್ಲಿ ಇರುವ ಹಾಗೆಯೇ ಮನೆಯಲ್ಲೂ ಇದ್ದಾನೆಯೇ?" ಅವಳು ಹೌದು ಎಂದರೆ ಮಾತ್ರ ಮುಂದಿನದು. ಮಾವನ ಸರದಿಯಲ್ಲಿ ಅತ್ತೆಯನ್ನೂ ಹೀಗೆಯೇ ಕೇಳಿದ್ದರಂತೆ.

ನಾನಂತೂ ಕುಣಿಯುತ್ತಿದ್ದೆ! ಎಲ್ಲರೆದುರು ಗಂಡನನ್ನು ಹೊಗಳುವ ಅವಕಾಶ ಯಾವ ಹೊಸ ಮದುಮಗಳಿಗೆ ಸಿಗುತ್ತದೆ? ಬೂಟಿನ ಕಥೆ ಹೇಳಬೇಕು ಎಂದು ಕನ್ನಡಿ ಮುಂದೆ ಅಭ್ಯಾಸ ಕೂಡ ಮಾಡಿದೆ.

ಶನಿವಾರ ಕುರಿಗಳಿಗೆ ಹುಲ್ಲು ಹಾಕುವಾಗ ಅದನ್ನೇ ಅವರಿಗೆ ಹೇಳಿದೆ. ಅವರು ನಗಲಿಲ್ಲ. ಅಮ್ಮ, ಈ ಸಾಲುಗಳನ್ನು ನೀನೊಬ್ಬಳೇ ಓದಿ ಹಾಳೆಯನ್ನು ಒಲೆಗೆ ಹಾಕು. "ಎರಡು ವರ್ಷ ಆಯ್ತು ಕನಿಶಾಯ್, ನಂಗೆ ಪ್ರಾರ್ಥನೆ ಬರ್ತಾ ಇಲ್ಲ. ತುಟಿ ಆಡುತ್ತೆ, ಅಷ್ಟೇ. ಒಳಗೆ ಯಾರೂ ಇಲ್ಲದ ಮನೆ ಬಾಗಿಲು ತಟ್ಟಿದ ಹಾಗೆ" ಎಂದರು. ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದೆ. "ಆ ಕೈ ನೋಡಿದ್ಯಲ್ಲ. ಅದನ್ನ ನೋಡ್ಕೊಂಡು ಬೇಡ ಅನ್ನೋಕಾಗುತ್ತಾ? ನಾಳೆ ಸುಮ್ನೆ ಹೌದು ಅಂದ್ಬಿಡು. ನಾನು ನಿನ್ನ ಕೇಳ್ಕೊಳ್ತಿರೋದು ಇದೊಂದೇ."

ಹೌದು ಎನ್ನುತ್ತೇನೆ ಎಂದು ಮಾತು ಕೊಟ್ಟೆ, ಅಮ್ಮ.

ಭಾನುವಾರ ಅವರು ಹೊರಗೆ ಹೋಗಿ ಅಂಗಳದಲ್ಲಿ ನಿಂತರು. ಕಟ್ಟಳೆ ಓದುವ ಬಾತ್ಮಾ ಅಜ್ಜಿ ನನ್ನನ್ನು ನಡುವೆ ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು. ಹಿಂದಿನಿಂದ ಯಾರೋ "ಐದು ತಿಂಗಳ ಮದುಮಗಳು, ಇನ್ನೇನಂತಾಳೆ? ದೇವದೂತ ಅಂತಾಳೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿಟಕಿಯಲ್ಲಿ ಅವರು ಕಾಣುತ್ತಿದ್ದರು. ಟೊಪ್ಪಿ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಮಾರಲು ಕಟ್ಟಿದ ಪ್ರಾಣಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಮಾತು ಕೊಟ್ಟ ಆ ಹೌದನ್ನು ನಾನು ಹೇಳಲಿಲ್ಲ.

ಮನೆಯಲ್ಲಿ ಅವರು ಇಲ್ಲಿಗಿಂತ ಒಳ್ಳೆಯವರು ಎಂದೆ. ಆದರೆ ಇವತ್ತು ಕೈಯಿಡಬೇಡಿ ಎಂದೆ.

"ಯಾಕಮ್ಮಾ?" ಎಂದರು ಅಜ್ಜಿ. ಗಂಡನ ಗುಟ್ಟು ನನ್ನದಲ್ಲವಲ್ಲ, ಹೇಗೆ ಹೇಳಲಿ? ಬಾಯಿಗೆ ಬಂದದ್ದು ಇದು: "ನನ್ನ ಕೇಳಿದ್ರಿ, ಸಂತೋಷ. ಎಲ್ದಿಯಾರ್‌ನ ಯಾರಾದ್ರೂ ಕೇಳಿದ್ರಾ?"

ಮಾವನ ಎದುರಿಗೇ ಗಂಡನ ಹೆಸರು ಹಿಡಿದಿದ್ದೆ! ಹೆಂಗಸರು ಕೆನ್ನೆ ಹಿಡಿದುಕೊಂಡರು. ಮೂಲೆಯಲ್ಲಿ ಬಿಸಿನೀರಿನ ಹಂಡೆಯ ನಲ್ಲಿಯಿಂದ ಚಹಾಕ್ಕೆ ನೀರು ಬಿಡುತ್ತಿದ್ದ ಅತ್ತೆಯ ಕೈಯಲ್ಲಿ ಬಟ್ಟಲು ತುಂಬಿ, ತುಳುಕಿ, ಮೇಜಿನಿಂದ ನೆಲಕ್ಕೆ ಹರಿಯಿತು. ಅತ್ತೆ ನಲ್ಲಿ ನಿಲ್ಲಿಸಲೇ ಇಲ್ಲ.

ಮಾವ "ಕರೀರಿ ಅವನ್ನ" ಎಂದರು. ಒಳಗೆ ಬಂದ ಮಗನನ್ನು "ನಿಂಗೆ ಇದು ಬೇಕಾ?" ಎಂದು ಕೇಳಿದರು. ಅವರು ಅಪ್ಪನ ಕೈ ನೋಡಿದರು, ನನ್ನನ್ನು ನೋಡಿದರು. "ಬೇಡ ಅಪ್ಪಾ" ಎಂದರು. ಅಪ್ಪನಿಗೆ ಅವರು ಬೇಡ ಎಂದದ್ದು ಹುಟ್ಟಿದ ಮೇಲೆ ಅದೇ ಮೊದಲಂತೆ.

ಮಾವ ಎಡಗೈಯಿಂದ ನೋಟ್‌ಬುಕ್ಕನ್ನು ಬಾತ್ಮಾ ಅಜ್ಜಿಯ ಕಡೆ ತಳ್ಳಿ, "ಮೊದಲು ಅವನನ್ನ ಕೇಳ್ಬೇಕು ಅಂತ ಬರ್ಕೋ. ಬಿಟ್ಟುಹೋಗಿತ್ತು" ಎಂದು ಎದ್ದುಬಿಟ್ಟರು. ಉಳಿದವರು ತೊಲೊಗೊನ್ ಅಣ್ಣನನ್ನು ಕೇಳಿದರು. ಅವರು ಒಂದು ದಿನ ಯೋಚಿಸಿ ಒಪ್ಪಿದರು, ಅವರ ಹೆಂಡತಿಯೂ ಸಾಕ್ಷಿ ಹೇಳಿದರು. ಹಿರಿಯ ಇರುವಲ್ಲಿ ಸಭೆ. ಮಂಗಳವಾರ ನಮ್ಮ ಹನ್ನೆರಡು ಬೆಂಚುಗಳನ್ನು ವ್ಯಾನಿಗೆ ಹೇರಿಕೊಂಡು ಹೋದರು. ಈಗ ಪರದೆಯ ಆ ಕಡೆ ಖಾಲಿ ನೆಲ. ಅದರ ನಡುವೆ ಒಂದು ಕುರ್ಚಿ ಹಾಕಿಕೊಂಡು ಮಾವ ಕೂತಿರುತ್ತಾರೆ. ನಾಲ್ಕು ದಿನದಿಂದ ನನ್ನ ಕೈಯ ಚಹಾ ಮುಟ್ಟಿಲ್ಲ. ಇಟ್ಟ ಬಟ್ಟಲನ್ನು ಹಾಗೆಯೇ ತರುತ್ತೇನೆ, ಮೇಲೆ ಕೆನೆ ಕಟ್ಟಿರುತ್ತದೆ.

ಇನ್ನು ಅವರು. ಮರಿ ಹಾಕುವ ಕಾಲ ಎಂದು ಕೊಟ್ಟಿಗೆಯಲ್ಲೇ ಮಲಗುತ್ತಿದ್ದಾರೆ. "ಒಂದೇ ಕೇಳ್ಕೊಂಡಿದ್ದೆ" ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಮಾತಿಲ್ಲ. ಮೂರು ಬೆಳಿಗ್ಗೆ ಬೂಟು ಬಾಗಿಲ ಬಳಿ ತಣ್ಣಗೆ ಇದ್ದವು. ಇವತ್ತು ಒಲೆಯ ಪಕ್ಕ ಇದ್ದವು. ಮಾತು ಇನ್ನೂ ಬಂದಿಲ್ಲ. ಆದರೂ ಆ ಬೂಟಿನೊಳಗೆ ಕಾಲಿಟ್ಟು ಎಷ್ಟು ಅತ್ತುಬಿಟ್ಟೆ ಗೊತ್ತಾ ಅಮ್ಮ!

ನಾನು ಮಾಡಿದ್ದು ತಪ್ಪೇ? ನೀನು ನನ್ನ ದೇವರನ್ನು ನಂಬುವವಳಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇಲ್ಲಿ ಯಾರನ್ನು ಕೇಳಿದರೂ ಬೈಬಲ್ ವಚನ ಹೇಳುತ್ತಾರೆ.

ನಿನ್ನ ತಲೆಹರಟೆ ಮಗಳು,
ಕನಿಶಾಯ್

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅತ್ತೆ ಬಂದು ಪಕ್ಕದಲ್ಲಿ ಕೂತರು. "ಎಲ್ಲಾ ಬರೆದ್ಯಾ?" ಎಂದರು. ಹೌದು ಎಂದೆ. "ಹಾಗಾದ್ರೆ ಇದನ್ನೂ ಬರಿ. ನನ್ನನ್ನೂ ಕೇಳಿದ್ರು. ಆವಾಗ ಈ ಮನುಷ್ಯ ನನ್ನ ಜೊತೆ ಮಾತಾಡಿ ಎಂಟು ತಿಂಗಳಾಗಿತ್ತು. ಊರಿಗೆಲ್ಲ ಸಮಾಧಾನ ಹೇಳೋರು, ಮನೆಗೆ ಬಂದ್ರೆ ಗೋಡೆ. ನಾನು ಹೌದು ಅಂದೆ. ಹದಿನೈದು ವರ್ಷ ಆ ಹೌದಿನ ಒಳಗೇ ಸಂಸಾರ ಮಾಡ್ದೆ ಮಗಾ."

ಅಮ್ಮ, ಅತ್ತೆ ದನಿ ತಗ್ಗಿಸಲಿಲ್ಲ. ಪರದೆಯ ಆ ಕಡೆ ಮಾವ ಕೂತಿದ್ದಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಆ ನಿಧಾನದ ದನಿ: "ಊಲ್ಕಾನ್. ಬಾ ಇಲ್ಲಿ. ಈಗ ನಾನು ಕೇಳ್ತೀನಿ, ಹೇಳು."

ಅತ್ತೆಯ ಹೆಸರನ್ನು ಈ ಮನೆಯಲ್ಲಿ ಯಾರ ಬಾಯಿಂದಲಾದರೂ ನಾನು ಕೇಳಿದ್ದು ಇದೇ ಮೊದಲು. ಅವರು ತಲೆವಸ್ತ್ರ ಸರಿಮಾಡಿಕೊಂಡು ಪರದೆ ಎತ್ತಿ ಒಳಗೆ ಹೋದರು. ನಾನು ಎರಡು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದೇನೆ, ಅರ್ಧರ್ಧ.